ಪೀಠದೊಳಗಿನ ಜಗಳ

ನ್ಯಾಯಾಲಯದ ಕಥೆಗಳಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣು ಆರೋಪಿಯ ಮೇಲಿರುತ್ತದೆ. 2016ರಲ್ಲಿ ನಾಲ್ಕು ಕಂತುಗಳಲ್ಲಿ ಬಂದ ‘ಟೋಕಿಯೋ ಟ್ರಯಲ್’ ಸರಣಿ ಅದನ್ನು ಪೀಠದ ಕಡೆಗೆ ತಿರುಗಿಸುತ್ತದೆ. 1946ರ ಮೇ ತಿಂಗಳಲ್ಲಿ ಶುರುವಾಗಿ 1948ರ ನವೆಂಬರಿನಲ್ಲಿ ತೀರ್ಪು ಕಂಡ ಎರಡನೇ ಮಹಾಯುದ್ಧದ ಈ ಯುದ್ಧಾಪರಾಧ ಮೊಕದ್ದಮೆಯಲ್ಲಿ ಜಪಾನಿನ 28 ನಾಯಕರು ಆರೋಪಿಗಳು, ಪೀಠದಲ್ಲಿ 11 ದೇಶಗಳ ನ್ಯಾಯಮೂರ್ತಿಗಳು. ಆಕ್ರಮಣದ ಯುದ್ಧ ಹೂಡುವುದು ಆ ಕಾಲಕ್ಕೆ ಅಪರಾಧವಾಗಿತ್ತೇ ಎಂಬುದೇ ಅವರ ನಡುವಿನ ಮುಖ್ಯ ತಕರಾರು. 1928ರ ಪ್ಯಾರಿಸ್ ಒಪ್ಪಂದ ಯುದ್ಧವನ್ನು ಖಂಡಿಸಿತ್ತು, ನಿಜ. ಆದರೆ ಯುದ್ಧ ಹೂಡಿದ ವ್ಯಕ್ತಿಗೆ ಶಿಕ್ಷೆ ಏನೆಂದು ಅದರಲ್ಲಿರಲಿಲ್ಲ. ಇಷ್ಟು ಒಣ ಪ್ರಶ್ನೆಯನ್ನು ಮುಚ್ಚಿದ ಕೋಣೆಯ ವಾಗ್ವಾದವಾಗಿ ನೋಡಿಸಿಕೊಂಡು ಹೋಗುವುದು ಸಣ್ಣ ಸಾಧನೆಯಲ್ಲ.

ತೊಡಕಿರುವುದು ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಅವರ ಚಿತ್ರಣದಲ್ಲಿ. ಕಥೆ ಸಾಗುವುದು ಡಚ್ ನ್ಯಾಯಮೂರ್ತಿ ರೋಲಿಂಗ್ ಅವರ ಕಣ್ಣಿನಿಂದ. ಅವರು ಗೊಂದಲದಿಂದ ಸ್ವಂತ ನಿಲುವಿನ ಕಡೆಗೆ ನಡೆಯುವಾಗ ಪಾಲ್ ದಾರಿ ತೋರುವ ಹಿರಿಯರಾಗಿಬಿಡುತ್ತಾರೆ. ಪಾಲ್ ಪಾತ್ರದಲ್ಲಿ ಇರ್ಫಾನ್ ಖಾನ್ ಅವರ ತಣ್ಣನೆಯ ಅಭಿನಯ ಈ ಪ್ರಭಾವಳಿಯನ್ನು ಇನ್ನಷ್ಟು ಬೆಳಗಿಸುತ್ತದೆ. ಆದರೆ ಪಾಲ್ ಬರೆದ ಸಾವಿರಕ್ಕೂ ಹೆಚ್ಚು ಪುಟಗಳ ಭಿನ್ನಮತ ಅಷ್ಟು ಸುಲಭವಾಗಿ ಗೌರವಿಸಿ ಮುಗಿಸುವಂಥದ್ದಲ್ಲ. ಗೆದ್ದವರು ಸೋತವರನ್ನು ವಿಚಾರಿಸುವ ವ್ಯವಸ್ಥೆಯನ್ನೂ ಅಣುಬಾಂಬನ್ನೂ ಅವರು ಪ್ರಶ್ನಿಸಿದ್ದು ಸರಿಯೇ. ಅದೇ ಕೈ ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೇನೆಯ ದೌರ್ಜನ್ಯಗಳು ನಡೆದವೆಂದು ಒಪ್ಪಿಯೂ ಆ ಸೇನೆಯ ದಂಡನಾಯಕ ಮತ್ಸುಯಿಯನ್ನು ನಿರ್ದೋಷಿ ಎಂದಿತು. ಮುಂದೆ 2005ರಲ್ಲಿ ಜಪಾನಿನ ಯುದ್ಧಮೃತರ ದೇಗುಲವಾದ ಯಾಸುಕುನಿಯ ಆವರಣದಲ್ಲಿ ಪಾಲ್ ಸ್ಮಾರಕ ಎದ್ದದ್ದು ಯಾರ ಮನಸ್ಸಿಗೆ ಹಿತವಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ನಾಟಕ, ಇತಿಹಾಸದ ಪಾಠವಲ್ಲ ಎನ್ನಬಹುದು. ಆದರೆ ನಟರ ನಡುವೆ ಅಂದಿನ ವಿಚಾರಣೆಯ ಅಸಲಿ ಚಿತ್ರಸುರುಳಿಗಳನ್ನೇ ಪೋಣಿಸಿ ನೋಡುಗರ ನಂಬಿಕೆ ಗಳಿಸಿದ ಮೇಲೆ ಆ ರಿಯಾಯಿತಿ ಕೇಳುವಂತಿಲ್ಲ. ಪಾಲ್ ಅವರನ್ನು ಕಟಕಟೆಯ ಪ್ರಶ್ನೆಗೆ ಒಡ್ಡಿದರೆ ಅವರ ತತ್ವನಿಷ್ಠೆ ಸಣ್ಣದಾಗುತ್ತದೆಂಬ ಅಂಜಿಕೆಯೂ ಬೇಡ. ವಸಾಹತಿನ ಪ್ರಜೆಯೊಬ್ಬ ಸಾಮ್ರಾಜ್ಯಗಳ ಪೀಠದಲ್ಲಿ ಕೂತು ಬೇರೆ ಮಾತಾಡಿದ ಧೈರ್ಯ ಆಗಲೂ ಉಳಿಯುತ್ತಿತ್ತು. ಎದುರು ಪಕ್ಷಕ್ಕೂ ಇಲ್ಲಿ ಅನ್ಯಾಯವಾಗಿದೆ. ಬ್ರಿಟನ್ನಿನ ನ್ಯಾಯಮೂರ್ತಿ ಪ್ಯಾಟ್ರಿಕ್ ಬಿಗುಮಾನದ ಹಟಮಾರಿಯಂತೆ ಕಾಣುತ್ತಾರೆ. ಆದರೆ ಜರ್ಮನಿಯ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಾಲಯ 1946ರಲ್ಲೇ ಆಕ್ರಮಣವನ್ನು ಅಪರಾಧವೆಂದು ಸಾರಿತ್ತು. ಟೋಕಿಯೋ ಅದನ್ನು ತಳ್ಳಿಹಾಕಿದರೆ ಆಗಷ್ಟೇ ಬೇರೂರುತ್ತಿದ್ದ ನಿಯಮವೊಂದು ಕಿತ್ತುಹೋಗುತ್ತದೆಂಬ ಅವರ ಆತಂಕಕ್ಕೆ ತೂಕವಿತ್ತು. ಆ ವಾದವನ್ನು ಪೂರ್ತಿ ಬಲದೊಂದಿಗೆ ಆಡಿಸಿದ್ದರೆ ರೋಲಿಂಗ್ ಎದುರಿಸಿದ ಆಯ್ಕೆ ನಿಜಕ್ಕೂ ಕಷ್ಟದ್ದೆಂದು ನಮಗೂ ಅನಿಸುತ್ತಿತ್ತು.