ಗುಣವಾದವಳನ್ನು ನಂಬದ ಮನೆ

ತ್ರಿವೇಣಿಯವರನ್ನು ನಾವು ಹೆಣ್ಣಿನ ಮನಸ್ಸನ್ನು ಬಿಡಿಸಿ ತೋರಿಸಿದ ಲೇಖಕಿ ಎಂದೇ ಓದುತ್ತ ಬಂದಿದ್ದೇವೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡವರು, ಮನೋವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ಓದುಗರನ್ನು ಗಳಿಸಿಕೊಟ್ಟವರು. ಇಷ್ಟು ಹೇಳಿ ವಿಮರ್ಶೆ ಮುಂದೆ ಹೋಗಿಬಿಡುತ್ತದೆ. ಆದರೆ ಅವರ ‘ಶರಪಂಜರ’ ಕಾದಂಬರಿಯ ತೂಕವಿರುವುದು ನಾಯಕಿ ಕಾವೇರಿಯ ಕಾಯಿಲೆಯಲ್ಲಿ ಅಲ್ಲ, ಆಕೆ ಗುಣವಾಗಿ ಮರಳಿದ ಮನೆಯಲ್ಲಿ. ಬಾಣಂತನದಲ್ಲಿ ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿದವಳನ್ನು ವೈದ್ಯರು ವಾಸಿಯಾಗಿದೆ ಎಂದು ಕಳಿಸಿಕೊಡುತ್ತಾರೆ, ಮನೆ ಒಪ್ಪುವುದಿಲ್ಲ. ಅಲ್ಲಿಂದಾಚೆಗೆ ಅವಳಿಗೆ ಸಾಮಾನ್ಯ ಸಿಟ್ಟಿಗೂ ಹಕ್ಕಿಲ್ಲ. ದನಿ ಏರಿದರೆ ಮತ್ತೆ ಶುರುವಾಯಿತೆನ್ನುತ್ತಾರೆ, ಸುಮ್ಮನಿದ್ದರೂ ಅದನ್ನೇ ಅನ್ನುತ್ತಾರೆ. ಗಂಡ ಸತೀಶ ಬೇರೊಬ್ಬಳ ಕಡೆ ವಾಲಿದ್ದು ತಿಳಿದಾಗ ಯಾವ ಹೆಂಡತಿಯೂ ಕೇಳುವ ಪ್ರಶ್ನೆ ಆಕೆಯ ಬಾಯಲ್ಲಿ ಮಾತ್ರ ಹುಚ್ಚಾಗುತ್ತದೆ.

ಇದು ಕಣ್ಣೀರಿನ ಕಥೆ, ಸತೀಶ ಸಲೀಸಾಗಿ ಸಿಕ್ಕ ಖಳ ಎಂಬ ಆಕ್ಷೇಪ ಹಳೆಯದು. ಇದೇ ಕಾದಂಬರಿಯಿಂದ ಮಾಡಿದ 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅಭಿನಯದ ಅಬ್ಬರ ಆ ಆಕ್ಷೇಪಕ್ಕೆ ಬಲ ಕೊಟ್ಟಿತೆನ್ನಬೇಕು. ಆದರೆ ಕೇಡು ಗಂಡನೊಬ್ಬನದೇ ಆಗಿದ್ದರೆ ಕಾವೇರಿಗೆ ಉಳಿಯಲು ಇನ್ನೊಂದು ಆಸರೆ ಇರಬೇಕಿತ್ತು. ಯಾರೂ ಹೊಡೆಯದೆ, ಹೊರಗಟ್ಟದೆ, ಬರೀ ಹುಷಾರಾಗಿರುವುದರಿಂದಲೇ ಒಬ್ಬಳನ್ನು ಮುರಿಯಬಹುದು ಎಂಬುದನ್ನು ತ್ರಿವೇಣಿ ಗುರುತಿಸಿದರು. ಮನೆಯವರ ಭಯ ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ. ಕಾಯಿಲೆಯ ದಿನಗಳನ್ನು ಕಂಡವರು ಅವರು. ಆ ಭಯ ಮುಗಿಯುವ ಅವಧಿ ಎಂದೊಂದು ಇಲ್ಲದಿರುವುದೇ ಅನ್ಯಾಯ.

ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ನೋಟದ ಹೊಸತನ ತಿಳಿಯುತ್ತದೆ. ಅಲ್ಲಿ ವಿಧವೆ ಯಮುನೆ ಬಸಿರಾದಾಗ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಕ್ರೌರ್ಯಕ್ಕೆ ಮಂತ್ರವಿದೆ, ವಿಧಿಯಿದೆ, ಅದನ್ನು ವಿರೋಧಿಸುವುದಕ್ಕೂ ಒಂದು ಗುರಿಯಿದೆ. ನವ್ಯದ ವಿಮರ್ಶೆಗೆ ಇದು ದೊಡ್ಡದಾಗಿ ಕಂಡಿತು, ‘ಶರಪಂಜರ’ ಜನಪ್ರಿಯವೆಂಬ ಕಪಾಟಿಗೆ ಹೋಯಿತು. ಭಾಷೆಯ ಬಿಗಿಯಲ್ಲಿ ಅನಂತಮೂರ್ತಿಯವರದೇ ಮೇಲು, ಸಂಶಯವಿಲ್ಲ. ಆದರೆ ಕಾವೇರಿಯನ್ನು ಯಾರೂ ಬಹಿಷ್ಕರಿಸಿಲ್ಲ. ಯಾವ ಶಾಸ್ತ್ರವನ್ನು ಹಿಡಿದು ಪ್ರತಿಭಟಿಸುವುದು?

ತ್ರಿವೇಣಿಯವರ ಮಿತಿಯೂ ಇಲ್ಲೇ ಇದೆ. ಅವರ ಕಥೆಗೆ ಸಂಬಳದ ಗಂಡ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಕಾವಲು ಕೂರಲು ಪುರುಸೊತ್ತಿರುವ ಬಂಧುಗಳು ಬೇಕು. ಇವು ಎಲ್ಲ ಕಡೆ ಇರುವುದಿಲ್ಲ. ನೀಲಗುಂದ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳೆಲ್ಲ ಕೂಲಿ ಅರಸಿ ಗುಳೆ ಹೊರಟರೆ ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಅಂಥ ಮನೆಯಲ್ಲಿ ಬುದ್ಧಿ ಕೆಟ್ಟವಳನ್ನು ಕಣ್ಣಿಟ್ಟು ಕಾಯುವವರಾರು? ಅವಳು ವಾಸಿಯಾದಳೇ ಎಂಬುದಕ್ಕಿಂತ ಹೊಲಕ್ಕೆ ಹೋಗಬಲ್ಲಳೇ ಎಂಬುದು ಮೊದಲ ಮಾತಾಗುತ್ತದೆ. ಕೂಲಿಗೆ ಹೋದರೆ ಅರ್ಧ ನಂಬಿಕೆ ಅಲ್ಲೇ ಮರಳೀತು. ಹೋಗಲಾರದಿದ್ದರೆ ಗುಳೆಯ ಗಂಟಿನಲ್ಲಿ ಅವಳಿಗೆ ಜಾಗವಿರದು. ಸತೀಶನ ಮನೆಯ ಅಳತೆಗೋಲು ಇಲ್ಲಿ ನಡೆಯದು. ಕೊಟ್ಟೂರಿನ ಕುಂ. ವೀರಭದ್ರಪ್ಪ ಈ ಸೀಮೆಯ ಹಸಿವು, ಗೌಡಿಕೆ, ಬೈಗುಳಗಳನ್ನೆಲ್ಲ ಕಾದಂಬರಿಗೆ ತಂದ ಮೇಲೆ, ಮನೋವೈಜ್ಞಾನಿಕ ಎಂಬ ಹೆಸರನ್ನು ಮೈಸೂರಿನ ನಡುಮನೆಗಷ್ಟೇ ಮೀಸಲಿಡಲು ವಿಮರ್ಶೆಗೆ ಯಾವ ನೆಪವೂ ಉಳಿದಿಲ್ಲ.