ಹೆಸರುಳ್ಳ ಗೋರಿಗಳು, ಹೆಸರಿಲ್ಲದ ಮಣ್ಣು

ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗುವವರು ಬಹಳ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಕಾಲಿಡುವವರು ಕಡಿಮೆ. ಅಲ್ಲಿ ಸುಮಾರು 300 ಗೋರಿಗಳಿವೆ. 1799ರಲ್ಲಿ ಟಿಪ್ಪುವಿನ ಎದುರು ಕಾದಾಡಿ ಸತ್ತ ಯುರೋಪಿಯನ್ನರ ಸ್ಮಶಾನವೆಂದೇ ಇದನ್ನು ಪರಿಚಯಿಸುವುದು ರೂಢಿ. ಆದರೆ ಈ ಗೋರಿಗಳ ಕಾಲ 1800ರಿಂದ 1860ರ ದಶಕದವರೆಗಿನದು. ಯುದ್ಧ ಮುಗಿದ ಮೇಲೆ ಕಾವಲಿಗೆ ಉಳಿದವರು, ಅವರ ಹೆಂಡಿರು, ಮಕ್ಕಳು ಇಲ್ಲಿ ಮಲಗಿದ್ದಾರೆ. ದ್ವೀಪದ ಜ್ವರ ಆಗ ಕುಖ್ಯಾತವಾಗಿತ್ತು. 1809ರಲ್ಲಿ ದಂಡು ಬೆಂಗಳೂರಿಗೆ ಹೋಗಲು ಅದೂ ಒಂದು ಕಾರಣ. ಜ್ವರಕ್ಕೆ ಸತ್ತವರನ್ನೂ ರಣವೀರರ ಸಾಲಿಗೆ ಸೇರಿಸುವುದು ಚರಿತ್ರೆಯಲ್ಲ, ದಂತಕಥೆ.

ಇವರಲ್ಲಿ ಅನೇಕರು ದ ಮ್ಯೂರೋನ್ ರೆಜಿಮೆಂಟಿನವರು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಮ್ಯೂರೋನ್ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂತು. ಒಡೆಯ ಬದಲಾದ, ಕೋವಿ ಬದಲಾಗಲಿಲ್ಲ. 2008ರ ಸುಮಾರಿಗೆ ಆ ವಂಶಸ್ಥರ ನೆರವಿನಿಂದ ಸ್ಮಶಾನದ ದುರಸ್ತಿಯಾಯಿತು. ಇದರಲ್ಲಿ ಅಸೂಯೆಪಡುವಂಥದ್ದೇನೂ ಇಲ್ಲ. ಖಬರಿನ ಮುಂದೆ ನಿಂತವನಿಗೆ ತನ್ನ ಮೌತ್ ನೆನಪಾಗಬೇಕೇ ಹೊರತು ಸತ್ತವನ ಜಾತಿಯಲ್ಲ.

ಆದರೂ ಪ್ರಶ್ನೆ ಉಳಿಯುತ್ತದೆ. ಕೋಟೆ ಒಡೆದ ಜಾಗದ ಬಳಿ 1907ರಲ್ಲಿ ಮೈಸೂರು ಸರ್ಕಾರವೇ ಎತ್ತಿಸಿದ ಸ್ತಂಭ ಸ್ಮರಿಸುವುದು ದಾಳಿಗೆ ಬಂದ ಸೈನ್ಯದ ಅಧಿಕಾರಿಗಳನ್ನು. ಮೇ 4ರಂದು ಕೋಟೆಯೊಳಗೆ ಸಾವಿರಾರು ಮೈಸೂರು ಸಿಪಾಯಿಗಳು ಬಿದ್ದರು. ಸುಲ್ತಾನನ ದೇಹ ಸಿಕ್ಕಿದ್ದೂ ಆ ಹೆಣಗಳ ರಾಶಿಯಲ್ಲೇ. ಸಯ್ಯದ್ ಗಫಾರ್‌ನಂಥ ಒಬ್ಬಿಬ್ಬ ಸರದಾರರನ್ನು ಬಿಟ್ಟರೆ ಉಳಿದವರು ಬರೀ ಲೆಕ್ಕವಾದರು.

ಇಷ್ಟಕ್ಕೇ 'ನಾವು', 'ಅವರು' ಎಂದು ಗೆರೆ ಎಳೆದುಬಿಡುವುದು ಸುಲಭ. ಆದರೆ ನಮ್ಮ ಕಲಬುರಗಿ ಆಗ ನಿಜಾಮನ ಸೀಮೆ. ನಿಜಾಮನ ಸೈನ್ಯ ಜನರಲ್ ಹ್ಯಾರಿಸ್‌ನ ಜೊತೆಗೂಡಿ ಟಿಪ್ಪುವಿನ ಮೇಲೆ ಬಂದಿತ್ತು. ಮಹಾಗಾಂವದಂಥ ಊರಿನ ಯಾವನಾದರೂ ಬಡವ ಆ ದಂಡಿನಲ್ಲಿ ಇದ್ದಿರಬಹುದಲ್ಲವೇ? ಅತ್ತ ಕೋಟೆ ಕಾಯುತ್ತಿದ್ದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಟಿಪ್ಪುವಿನ ಯುದ್ಧವನ್ನು ಎರಡು ಧರ್ಮಗಳ ಜಗಳವೆಂದು ಭಾಷಣ ಮಾಡುವ ಎರಡೂ ಕಡೆಯವರು ಇದನ್ನು ಹೇಳುವುದಿಲ್ಲ. ಹೇಳಿದರೆ ಭಾಷಣ ನಿಲ್ಲುವುದಿಲ್ಲ.

ನಮ್ಮ ಕಡೆಯ ಖಬರಸ್ತಾನಗಳಲ್ಲಿ ಎಷ್ಟೋ ಗೋರಿಗಳಿಗೆ ಹೆಸರಿರುವುದಿಲ್ಲ; ಮಣ್ಣಿನ ದಿಬ್ಬ, ತಲೆದೆಸೆಯಲ್ಲೊಂದು ಕಲ್ಲು. ಅದು ವಿನಯ. ಆದರೆ ಕೋಟೆಯ ಸಿಪಾಯಿಗೆ ಹೆಸರಿಲ್ಲದಿರುವುದು ವಿನಯವಲ್ಲ. ಗೆದ್ದವರು ಬರೆಯಲಿಲ್ಲ, ಆಮೇಲೆ ಬಂದವರು ಕೇಳಲಿಲ್ಲ. ಸ್ವಿಸ್ ಗೋರಿಗಳು ಹಾಗೇ ಇರಲಿ, ಚೆನ್ನಾಗಿಯೇ ಇರಲಿ. ಅವುಗಳ ಊರಿನಲ್ಲೇ, ಎರಡೂ ಕಡೆ ಹೆಸರಿಲ್ಲದೆ ಸತ್ತವರಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಕೆತ್ತಿದ ಒಂದು ಕಲ್ಲು ನೆಡಲು ಜಾಗ ಇಲ್ಲವೇ?