ಬಾಣ, ಗಡ್ಡೆ, ಮೂಗಿನ ಮೇಲಿನ ಕೈ: ಪ್ಲೇಗಿನ ಚಿತ್ರಗಳನ್ನು ನೋಡುವ ಬಗೆ

ಮಂಚದ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರಿಗೂ ಮೈತುಂಬ ಬೊಕ್ಕೆ. ಯುರೋಪಿನ ಪ್ಲೇಗಿನ ಬಗ್ಗೆ ಏನಾದರೂ ಓದಿದವರ ಕಣ್ಣಿಗೆ ಈ ಚಿತ್ರ ಬಿದ್ದೇ ಇರುತ್ತದೆ. 1411ರ ಟೊಗೆನ್‌ಬುರ್ಗ್ ಬೈಬಲ್ಲಿನ ಈ ಪುಟ 1348ರ ಮಹಾಮಾರಿಯ ಚಿತ್ರವೆಂದು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ. ಅಸಲಿಗೆ ಅದು ಮೋಶೆಯ ಕಥೆಯ ಚಿತ್ರ. ಈಜಿಪ್ಟಿನವರಿಗೆ ಬಂದ ಹತ್ತು ಬಾಧೆಗಳಲ್ಲಿ ಆರನೆಯದಾದ ಹುಣ್ಣಿನ ಬಾಧೆ ಅಲ್ಲಿದೆ. ಬಿಷಪ್ಪನೆದುರು ಮುಖದ ತುಂಬ ಕಲೆಯಿರುವ ಪಾದ್ರಿಗಳು ನಿಂತ ಇನ್ನೊಂದು ಚಿತ್ರಕ್ಕೂ ಇದೇ ಗತಿ. 14ನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವಿಶ್ವಕೋಶವೊಂದರ ಆ ಪಾದ್ರಿಗಳಿಗೆ ಬಂದಿರುವುದು ಕುಷ್ಠ. ಪೀಸಾದ ಕಾಂಪೊಸಾಂತೊ ಸ್ಮಶಾನದ ಗೋಡೆಯಲ್ಲಿರುವ ‘ಸಾವಿನ ವಿಜಯ’ವನ್ನು ಕೂಡ ಪ್ಲೇಗು ಕಂಡ ಕೈ ಬರೆದದ್ದೆಂದು ಬಹುಕಾಲ ನಂಬಿದ್ದರು. ಬುಫಲ್ಮಾಕ್ಕೊ ಅದನ್ನು ಬರೆದದ್ದು 1330ರ ದಶಕದಲ್ಲಿ ಎಂಬುದು ಈಗಿನ ವಿದ್ವಾಂಸರ ಮತ. ಪ್ಲೇಗಿನ ಹಡಗುಗಳು ಸಿಸಿಲಿಯ ಮೆಸ್ಸಿನಾ ಬಂದರಿಗೆ ಬಂದದ್ದು 1347ರಲ್ಲಿ. ಚಿತ್ರ ಮೊದಲು, ರೋಗ ಆಮೇಲೆ!

ಹಕ್ಕಿಯ ಕೊಕ್ಕಿನ ಮುಖವಾಡ ಹಾಕಿದ ವೈದ್ಯನ ಕಥೆಯೂ ಹೀಗೇ. ಅವನು ಮಧ್ಯಯುಗದವನಲ್ಲ, 17ನೆಯ ಶತಮಾನದವನು. ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದ ಚಿತ್ರ ಪಾವ್ಲ್ ಫ್ಯೂರ್ಸ್ಟ್ 1656ರಲ್ಲಿ ಅಚ್ಚು ಹಾಕಿಸಿದ ‘ರೋಮಿನ ಡಾಕ್ಟರ್ ಕೊಕ್ಕು’. ಅದೊಂದು ಗೇಲಿಯ ಚಿತ್ರ.

ಹಾಗಾಗಿ ಹೊಸಬರಿಗೆ ಮೊದಲ ಸೂಚನೆ: ಚಿತ್ರದ ಕೆಳಗಿನ ಬರಹವನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡನೆಯದು ಇನ್ನೂ ಮುಖ್ಯ. ಚಿತ್ರದಲ್ಲಿ ಏನಿದೆ ಎಂದು ಕೇಳುವ ಮೊದಲು, ಇದನ್ನು ಬರೆಸಿದವರು ಇದರಿಂದ ಯಾವ ಕೆಲಸ ಆಗಬೇಕೆಂದಿದ್ದರು ಎಂದು ಕೇಳಿ. ಪ್ಲೇಗಿನ ಚಿತ್ರಗಳಲ್ಲಿ ರೋಗವನ್ನು ದಾಖಲಿಸಲೆಂದೇ ಬರೆದವು ಕಡಿಮೆ. ಹೆಚ್ಚಿನವು ಬೇಡಿಕೊಳ್ಳಲು, ಹರಕೆ ತೀರಿಸಲು, ಧೈರ್ಯ ತುಂಬಲು, ಕೆಲವೊಮ್ಮೆ ಅಪವಾದ ತೊಳೆದುಕೊಳ್ಳಲು ಬರೆಸಿದಂಥವು. ಆ ಕೆಲಸ ಯಾವುದೆಂದು ಹೊಳೆದರೆ ಚಿತ್ರದ ಅರ್ಧ ತಾನಾಗಿ ತೆರೆದುಕೊಳ್ಳುತ್ತದೆ.

ಬಾಣ ಹುಡುಕಿ

ಯುರೋಪಿನವರ ಕಲ್ಪನೆಯಲ್ಲಿ ಪ್ಲೇಗು ಆಕಾಶದಿಂದ ಬರುವ ಬಾಣ. ‘ಇಲಿಯಡ್’ ಕಾವ್ಯದ ಆರಂಭದಲ್ಲೇ ಅಪೊಲೊ ದೇವರು ಗ್ರೀಕರ ಪಾಳೆಯದ ಮೇಲೆ ಬಾಣ ಬಿಟ್ಟು ಮಾರಿ ಹಬ್ಬಿಸುತ್ತಾನೆ. ಕ್ರೈಸ್ತ ಚಿತ್ರಕಾರರು ಬಾಣವನ್ನು ಉಳಿಸಿಕೊಂಡು ಬಿಲ್ಲುಗಾರನನ್ನು ಬದಲಿಸಿದರು. ಕೆಲವೆಡೆ ಮುನಿದ ಕ್ರಿಸ್ತ, ಕೆಲವೆಡೆ ಸಾವೇ ಬಿಲ್ಲು ಹಿಡಿಯುತ್ತದೆ. ಪಲೆರ್ಮೊದ 15ನೆಯ ಶತಮಾನದ ‘ಸಾವಿನ ವಿಜಯ’ ಭಿತ್ತಿಚಿತ್ರದಲ್ಲಿ ಸಾವು ಎಲುಬಿನ ಹಂದರವಾದ ಕುದುರೆಯೇರಿ, ಬಾಣಗಳನ್ನು ಸುರಿಸುತ್ತ, ತೋಟದಲ್ಲಿ ನಲಿಯುತ್ತಿರುವ ಸಿರಿವಂತರ ನಡುವೆ ನುಗ್ಗುತ್ತದೆ.

ಇದು ತಿಳಿದಿದ್ದರೆ ಸಂತ ಸೆಬಾಸ್ಟಿಯನ್ ಏಕೆ ಅಷ್ಟೊಂದು ಚರ್ಚುಗಳಲ್ಲಿ ನಿಂತಿದ್ದಾನೆ ಎಂಬುದೂ ತಿಳಿಯುತ್ತದೆ. ರೋಮನ್ ಸೈನಿಕನಾಗಿದ್ದ ಅವನನ್ನು ಕಂಬಕ್ಕೆ ಕಟ್ಟಿ ಬಾಣಗಳಿಂದ ಹೊಡೆದರು. ಅವನು ಅದರಿಂದ ಸಾಯಲಿಲ್ಲ. ಇರೀನ್ ಎಂಬಾಕೆ ಆರೈಕೆ ಮಾಡಿ ಬದುಕಿಸಿದಳು. ಸತ್ತದ್ದು ಮುಂದೊಮ್ಮೆ, ದೊಣ್ಣೆಯ ಏಟಿಗೆ. ಬಾಣ ತಿಂದೂ ಉಳಿದವನು ಬಾಣದಂಥ ರೋಗದಿಂದ ಕಾಪಾಡಬಲ್ಲ ಎಂಬುದು ಭಕ್ತರ ಲೆಕ್ಕ. ಚಿತ್ರಕಾರ ಮಾಂತೇನ್ಯ ಅವನನ್ನು ಮೂರು ಬಾರಿ ಬರೆದಿದ್ದಾನೆ. ಆ ಚಿತ್ರಗಳು ವಿಯೆನ್ನಾ, ಪ್ಯಾರಿಸ್, ವೆನಿಸ್‌ಗಳಲ್ಲಿವೆ. ರೋಗಿಯೊಬ್ಬನೂ ಕಾಣದ ಅಂಥ ಚಿತ್ರದ ಹಿಂದೆಯೂ ಪ್ಲೇಗಿನ ಭಯ ಇದ್ದೀತು ಎಂಬುದನ್ನು ನೆನಪಿಡಿ.

ಬಾಣಕ್ಕೆ ಬಾಣವೇ ಅಡ್ಡವಾಗಬೇಕೆಂದಿಲ್ಲ, ಬಟ್ಟೆಯೂ ಆಗಬಹುದು. ಬೆನೆದೆತ್ತೊ ಬೊನ್‌ಫಿಲ್ಯಿ 1464ರಲ್ಲಿ ಪೆರೂಜಾ ನಗರಕ್ಕೆ ಬರೆದುಕೊಟ್ಟ ಪಟದಲ್ಲಿ ಮೇರಿ ಮಾತೆ ತನ್ನ ನಿಲುವಂಗಿಯನ್ನು ಹರಡಿ ಊರಿನವರನ್ನೆಲ್ಲ ಅಡಿಯಲ್ಲಿ ಇಟ್ಟುಕೊಂಡಿದ್ದಾಳೆ. ಮೇಲಿನಿಂದ ಬಿದ್ದ ಬಾಣಗಳು ಆ ಬಟ್ಟೆಗೆ ತಗುಲಿ ಮುರಿಯುತ್ತಿವೆ. ನಮ್ಮ ಉತ್ಸವಮೂರ್ತಿಯಂತೆ ಇದು ಬೀದಿಗೆ ಹೊರಡುವ ಪಟ. ದೊಡ್ಡ ಆಕೃತಿ, ನೇರ ನಿಲುವು, ದೂರದಿಂದಲೂ ತಿಳಿಯುವ ಕಥೆ: ಇವೆಲ್ಲ ಮೆರವಣಿಗೆಯ ಅಗತ್ಯಗಳು. ಗೋಡೆಯ ಮೇಲೆ ಅದನ್ನು ನೋಡಿ ಒರಟು ಎನಿಸಿದರೆ, ಜನಜಂಗುಳಿಯ ತಲೆಯ ಮೇಲೆ ಅದು ತೂಗುತ್ತ ಬರುವುದನ್ನು ಊಹಿಸಿಕೊಳ್ಳಿ.

ಗಡ್ಡೆ ಎಲ್ಲಿದೆ?

ಪ್ಲೇಗಿನಲ್ಲಿ ಮೈತುಂಬ ಬೊಕ್ಕೆ ಏಳುವುದಿಲ್ಲ. ತೊಡೆಸಂದಿನಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಕಟ್ಟುತ್ತದೆ. ಹಾಗಾಗಿ ಚಿತ್ರಕಾರ ಗಡ್ಡೆಯನ್ನು ಎಲ್ಲಿಟ್ಟಿದ್ದಾನೆ ಎಂಬುದು ಒಳ್ಳೆಯ ಸುಳಿವು. ಸಂತ ರೋಕ್‌ನನ್ನು ಗುರುತಿಸುವುದು ಇದರಿಂದಲೇ. ಯಾತ್ರಿಕನ ಟೋಪಿ, ಕೋಲು, ಪಕ್ಕದಲ್ಲಿ ರೊಟ್ಟಿ ಕಚ್ಚಿದ ನಾಯಿ. ಅವನು ಅಂಗಿಯ ಅಂಚೆತ್ತಿ ತೊಡೆ ತೋರಿಸುತ್ತಾನೆ. ಗಡ್ಡೆ ನಿಜಕ್ಕೂ ಬರುವ ಜಾಗವನ್ನು ಚರ್ಚಿನೊಳಗೆ ತೋರಿಸುವುದು ಮುಜುಗರ. ಹಾಗಾಗಿ ಎಷ್ಟೋ ಚಿತ್ರಗಳಲ್ಲಿ ಅದು ತೊಡೆಯ ನಡುವಿಗೆ ಇಳಿದಿರುತ್ತದೆ.

ಗಡ್ಡೆಯನ್ನು ಕಥೆಯ ಕೀಲಿಯಾಗಿ ಬಳಸಿದ ಅಪರೂಪದ ಚಿತ್ರ ಜೋಸ್ ಲಿಫೆರಾಂಕ್ಸ್ 1497ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಯ ಚರ್ಚೊಂದಕ್ಕೆ ಬರೆದದ್ದು. ಈಗ ಅದು ಅಮೆರಿಕದ ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಮ್ಮಿನಲ್ಲಿದೆ. ಕೆಳಗೆ ಬಿಳಿ ಬಟ್ಟೆ ಸುತ್ತಿದ ಹೆಣವನ್ನು ಗುಂಡಿಗೆ ಇಳಿಸುತ್ತಿದ್ದಾರೆ. ಆ ಕೆಲಸದಲ್ಲಿದ್ದವನೊಬ್ಬ ಅಲ್ಲೇ ಕುಸಿದಿದ್ದಾನೆ. ಅವನ ಕುತ್ತಿಗೆಯಲ್ಲಿ ಗಡ್ಡೆ. ನಡು ಆಕಾಶದಲ್ಲಿ ದೇವದೂತನೂ ಪಿಶಾಚಿಯೂ ಹೊಡೆದಾಡುತ್ತಿದ್ದಾರೆ. ತುತ್ತತುದಿಯಲ್ಲಿ ಮೈಯೆಲ್ಲ ಬಾಣ ನಾಟಿದ ಸೆಬಾಸ್ಟಿಯನ್ ದೇವರೆದುರು ಮಂಡಿಯೂರಿದ್ದಾನೆ. ಕಥೆ ನಡೆಯುವುದು 7ನೆಯ ಶತಮಾನದಲ್ಲಿ, ಇಟಲಿಯ ಪವೀಯಾದಲ್ಲಿ. ನೋಡಿದ ಮಾರ್ಸೇಯವರಿಗೆ ಕಂಡದ್ದು ತಮ್ಮದೇ ಕಾಲ. ಇಂಥ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಿ: ಕೆಳಗೆ ಸಂಕಟ, ನಡುವೆ ಜಗಳ, ಮೇಲೆ ಅಹವಾಲು.

ಮೂಗಿನ ಮೇಲೆ ಕೈ, ಇಲ್ಲದ ಇಲಿ

ಕೆಟ್ಟ ಗಾಳಿಯೇ ಪ್ಲೇಗಿಗೆ ಕಾರಣವೆಂದು ಶತಮಾನಗಳ ಕಾಲ ನಂಬಿದ್ದರು. ಗಾಳಿಯನ್ನಾಗಲಿ ನಾತವನ್ನಾಗಲಿ ಬಣ್ಣದಲ್ಲಿ ತೋರಿಸುವುದು ಹೇಗೆ? ಉತ್ತರ ಕೊಟ್ಟವನು ರಾಫೆಲ್. ಅವನು ಬರೆದ ರೇಖಾಚಿತ್ರವನ್ನು ಮಾರ್ಕಾಂತೊನಿಯೊ ರೈಮೊಂದಿ 1515ರ ಆಸುಪಾಸಿನಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದ. ಸತ್ತ ತಾಯಿಯ ಮೊಲೆಗೆ ಮಗು ಬಾಯಿ ಹಾಕುತ್ತಿದೆ. ಬಾಗಿದ ಗಂಡಸೊಬ್ಬ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದರಲ್ಲಿ ಮಗುವನ್ನು ಸರಿಸುತ್ತಿದ್ದಾನೆ. ಮುಂದೆ ಪ್ಲೇಗು ಬರೆಯಹೊರಟವರಿಗೆಲ್ಲ ಇದೇ ಮಾದರಿ.

ನಿಕೊಲಾ ಪೂಸೆಂ 1630–31ರಲ್ಲಿ ರೋಮಿನಲ್ಲಿ ಬರೆದ ‘ಅಶ್ದೋದಿನ ಪ್ಲೇಗು’ ಈಗ ಲೂವ್ರ್‌ನಲ್ಲಿದೆ. ಅದರ ಮುಂಭಾಗದಲ್ಲಿ ಅದೇ ತಾಯಿ, ಅದೇ ಮಗು, ಅದೇ ಮೂಗು ಹಿಡಿದ ಕೈ. ಉತ್ತರ ಇಟಲಿಯಲ್ಲಿ ಆಗ ಪ್ಲೇಗು ಹೊತ್ತಿ ಉರಿಯುತ್ತಿತ್ತು. ರೋಮಿಗೆ ರೋಗ ಬರಲಿಲ್ಲ, ಸುದ್ದಿ ಮಾತ್ರ ಬರುತ್ತಿತ್ತು. ಪೂಸೆಂ ಬೈಬಲ್ಲಿನ ಕಥೆಯೊಂದನ್ನು ಆರಿಸಿಕೊಂಡ. ಫಿಲಿಷ್ಟಿಯರು ಇಸ್ರಾಯೇಲರ ಮಂಜೂಷವನ್ನು ಕೊಂಡೊಯ್ದು ತಮ್ಮ ದಾಗೋನನ ಗುಡಿಯಲ್ಲಿಟ್ಟರು. ಮೂರ್ತಿ ಮುರಿದು ಬಿತ್ತು, ಊರಿಗೆ ಮಾರಿ ಬಡಿಯಿತು. ಎಡಭಾಗದಲ್ಲಿ ಮುರಿದ ಮೂರ್ತಿ, ಸುತ್ತ ಗಾಬರಿಯ ಜನ, ನಡುನಡುವೆ ಇಲಿಗಳು.

ಈ ಇಲಿಗಳ ಬಳಿ ಕನ್ನಡದ ಓದುಗರು ಸ್ವಲ್ಪ ತಡೆಯಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದ ನಮಗೆ ಪ್ಲೇಗು ಎಂದರೆ ಮೊದಲು ಸತ್ತ ಇಲಿ. ಯುರೋಪಿನ ಹಳೆಯ ಚಿತ್ರಗಳಲ್ಲಿ ಅದೇ ಕಣ್ಣಿನಿಂದ ಹುಡುಕಿದರೆ ನಿರಾಸೆಯಾಗುತ್ತದೆ; ಇಲಿ ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪೂಸೆಂನ ಇಲಿಗಳೂ ವೈದ್ಯಶಾಸ್ತ್ರದಿಂದ ಬಂದವಲ್ಲ, ಬೈಬಲ್ಲಿನ ಆ ಕಥೆಯಲ್ಲೇ ಇರುವಂಥವು. ಪ್ಲೇಗಿನ ಸೂಕ್ಷ್ಮಾಣುವನ್ನು ವೈದ್ಯ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಇನ್ನೊಬ್ಬ ವೈದ್ಯ ಸಿಮೊಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದಕ್ಕೆ ಹಿಂದಿನ ಚಿತ್ರದಲ್ಲಿ ಇಲಿ ಇಲ್ಲದಿರುವುದು ಚಿತ್ರಕಾರನ ಮರೆವಲ್ಲ. ಅವನು ಹುಡುಕುತ್ತಿದ್ದ ಶತ್ರು ಗಾಳಿಯಲ್ಲಿತ್ತು, ಆಕಾಶದಲ್ಲಿತ್ತು.

ಕಂಡವರು ಬರೆದದ್ದು

ಕಣ್ಣಾರೆ ಕಂಡವರ ಚಿತ್ರಗಳು ಕಡಿಮೆ. ಇರುವಷ್ಟನ್ನು ನಿಧಾನವಾಗಿ ನೋಡಿ. ತೂರ್ನೆಯ ಮಠಾಧಿಪತಿ ಜಿಲ್ ಲಿ ಮುಯಿಸಿಯ ವೃತ್ತಾಂತಕ್ಕೆ 1353ರ ಸುಮಾರಿಗೆ ಬರೆದ ಪುಟ್ಟ ಚಿತ್ರ 1349ರ ಪ್ಲೇಗಿಗೆ ತೀರ ಹತ್ತಿರದ್ದು. ಅದರಲ್ಲಿ ಬಾಣವಿಲ್ಲ, ಸಂತನಿಲ್ಲ, ಗಡ್ಡೆಯೂ ಇಲ್ಲ. ಶವಪೆಟ್ಟಿಗೆ ಹೊತ್ತವರು ಒತ್ತೊತ್ತಾಗಿ ಬರುತ್ತಿದ್ದಾರೆ, ಎದುರಲ್ಲಿ ಗುಂಡಿ ತೋಡುವವರು. ಜಾಗವೇ ಸಾಲದೆಂಬಂತೆ ಚೌಕಟ್ಟಿನೊಳಗೆ ಜನರನ್ನು ತುರುಕಿರುವುದರಲ್ಲೇ ಭಯ ಇದೆ.

1656ರಲ್ಲಿ ನೇಪಲ್ಸಿನ ಅರ್ಧದಷ್ಟು ಜನ ಸತ್ತರೆಂದು ಅಂದಾಜು. ದೊಮೆನಿಕೊ ಗರ್ಜೂಲೊ ಆಗಿನ ಮೆರ್ಕಾತೆಲ್ಲೊ ಚೌಕವನ್ನು ಬರೆದ. ಚೌಕದ ತುಂಬ ಹೆಣ, ಹೆಣ ಎಳೆಯುವವರು, ಇನ್ನೂ ಜೀವ ಹಿಡಿದವರು. ಅಷ್ಟು ವಾಸ್ತವದ ನಡುವೆಯೂ ಮೋಡಗಳಲ್ಲಿ ದೈವದ ಕೋಪ, ಮೇರಿಯ ಬಿನ್ನಹ ನಡೆದೇ ಇದೆ. ಗರ್ಜೂಲೊ ಆ ದಿನಗಳಲ್ಲಿ ಸಾನ್ ಮಾರ್ತೀನೊ ಮಠದಲ್ಲಿ ಆಸರೆ ಪಡೆದು ಬದುಕಿದವನು. ಉಳಿಸಿದ್ದಕ್ಕೆ ಮಠದ ಸನ್ಯಾಸಿಗಳು ಕೃತಜ್ಞತೆ ಸಲ್ಲಿಸುವ ಇನ್ನೊಂದು ಚಿತ್ರವನ್ನೂ ಬರೆದ. ಆ ಮಠವೇ ಈಗ ಮ್ಯೂಸಿಯಂ, ಎರಡೂ ಚಿತ್ರ ಅಲ್ಲೇ ಇವೆ. ಸಾಕ್ಷಿ ಒಂದು, ಹರಕೆ ಒಂದು; ಕೈ ಒಂದೇ.

1720ರಲ್ಲಿ ಹಡಗೊಂದು ಪೂರ್ವದ ಬಂದರುಗಳಿಂದ ಮಾರ್ಸೇಗೆ ಪ್ಲೇಗು ತಂದಾಗ ಚಿತ್ರಕಾರ ಮಿಶೆಲ್ ಸೆರ್ ಊರಲ್ಲೇ ಇದ್ದ. ತನ್ನ ಬಡಾವಣೆಯ ಉಸ್ತುವಾರಿಯನ್ನೂ ಹೊತ್ತಿದ್ದ. ಅವನ ಚಿತ್ರಗಳಲ್ಲಿ ನಗರಸಭೆಯ ಕಟ್ಟಡ, ಬೀದಿ, ಸಾಲುಮರಗಳು ಗುರುತು ಸಿಗುವಷ್ಟು ಖಚಿತ. ಹೆಣದ ರಾಶಿಗಳ ನಡುವೆ ಕುದುರೆಯ ಮೇಲೆ ಕೂತು ಅಪ್ಪಣೆ ಕೊಡುವ ಅಧಿಕಾರಿಗಳೂ ಇದ್ದಾರೆ. ಆಕಾಶದ ಸಂತನ ಕೆಲಸ ನೆಲದ ಆಡಳಿತಗಾರನ ಪಾಲಿಗೆ ಬಂದ ಕಾಲ ಅದು.

ಹರಕೆಯ ಊರು ವೆನಿಸ್

ಕೆಲವು ಕಡೆ ಒಂದು ಚಿತ್ರ ನೋಡಿದರೆ ಸಾಲದು, ಊರನ್ನೇ ನೋಡಬೇಕು. 1575–77ರ ಪ್ಲೇಗಿನಲ್ಲಿ ಹರಕೆ ಹೊತ್ತ ವೆನಿಸಿನ ಸರ್ಕಾರ ಪಲ್ಲಾದಿಯೊನಿಂದ ರೆದೆಂತೋರೆ ಚರ್ಚು ಕಟ್ಟಿಸಿತು. 1630ರ ಪ್ಲೇಗಿಗೆ ಲೊಂಗೇನ ಕಟ್ಟಿದ ಸಾಂತಾ ಮರಿಯಾ ದೆಲ್ಲಾ ಸಲೂತೆ ಎದ್ದಿತು. ಸಲೂತೆಯ ಮುಖ್ಯ ಬಲಿಪೀಠದಲ್ಲಿ ಜುಸ್ತೊ ಲೆ ಕೋರ್ಟ್ ಕಡೆದ ಶಿಲ್ಪವಿದೆ. ಒಂದೆಡೆ ವೆನಿಸ್ ನಗರವೇ ಹೆಣ್ಣಾಗಿ ಮಂಡಿಯೂರಿದೆ; ಇನ್ನೊಂದೆಡೆ ಪ್ಲೇಗು ಮುದಿಹೆಂಗಸಿನ ರೂಪದಲ್ಲಿ ಪಂಜು ಹಿಡಿದ ಬಾಲದೂತನಿಗೆ ಹೆದರಿ ಓಡುತ್ತಿದೆ. ಆ ಎರಡೂ ಹರಕೆಗಳ ಹಬ್ಬ ಇಂದಿಗೂ ನಡೆಯುತ್ತದೆ: ಜುಲೈಯಲ್ಲೊಂದು, ನವೆಂಬರ್ 21ಕ್ಕೆ ಇನ್ನೊಂದು.

ಅದೇ ಊರಿನಲ್ಲಿ ಟಿಷಿಯನ್ 1576ರ ಆಗಸ್ಟಿನಲ್ಲಿ ತೀರಿಕೊಂಡ. ತನ್ನ ಸಮಾಧಿಗೆಂದು ಬರೆಯುತ್ತಿದ್ದ ‘ಪಿಯೆತಾ’ ಅರ್ಧಕ್ಕೆ ನಿಂತಿತು. ಪಾಲ್ಮಾ ಇಲ್ ಜೋವಾನೆ ಮುಗಿಸಿದ. ವೆನಿಸಿನ ಅಕಾದೆಮಿಯಾದಲ್ಲಿ ಅದರ ಕೆಳಮೂಲೆಗೆ ಕಣ್ಣು ಹಾಯಿಸಿ. ಅಲ್ಲಿ ಪುಟ್ಟ ಹರಕೆಪಟ ಒರಗಿದೆ. ಅದರೊಳಗೆ ಟಿಷಿಯನ್ನನೂ ಮಗ ಒರಾಸಿಯೊನೂ ಕೈಮುಗಿದಿದ್ದಾರೆ. ಹರಕೆ ಫಲಿಸಲಿಲ್ಲ. ಮಗ ಅದೇ ಪ್ಲೇಗಿಗೆ ತುತ್ತಾದ.

ಮುಟ್ಟಿದ ಸೇನಾಪತಿ, ಯಾರೂ ಇಲ್ಲದ ಬೀದಿ

ಫ್ರೆಂಚ್ ಚಿತ್ರಕಾರ ಗ್ರೋ 1804ರಲ್ಲಿ ಬರೆದ ‘ಜಾಫಾದ ಪ್ಲೇಗುಪೀಡಿತರನ್ನು ಭೇಟಿಯಾದ ಬೊನಪಾರ್ಟ್’ ಚಿತ್ರವನ್ನು ಇಷ್ಟೆಲ್ಲ ಕಂಡಮೇಲೆ ನೋಡಿ. ನೆಪೋಲಿಯನ್ ಬರಿಗೈಯಲ್ಲಿ ಸೈನಿಕನ ಕಂಕುಳ ಗಡ್ಡೆಯನ್ನು ಮುಟ್ಟುತ್ತಿದ್ದಾನೆ. ಹಿಂದೆ ನಿಂತ ಅಧಿಕಾರಿ ಕರವಸ್ತ್ರದಿಂದ ಬಾಯಿಮೂಗು ಮುಚ್ಚಿಕೊಂಡಿದ್ದಾನೆ. ರೈಮೊಂದಿಯ ಕೈ ಇಲ್ಲಿಯವರೆಗೆ ಬಂದಿದೆ! ಒಬ್ಬನ ಹೆದರಿಕೆ ಇನ್ನೊಬ್ಬನ ಧೈರ್ಯವನ್ನು ಎತ್ತಿ ತೋರಿಸುತ್ತದೆ. 1799ರ ಮಾರ್ಚಿನಲ್ಲಿ ಭೇಟಿ ನಡೆದದ್ದು ನಿಜ. ರೋಗಿಗಳಾದ ತನ್ನ ಸೈನಿಕರಿಗೇ ವಿಷ ಕೊಡಿಸಲು ಹೊರಟಿದ್ದ ಎಂಬ ಸುದ್ದಿ ಆಮೇಲೆ ಅವನನ್ನು ಕಾಡಿತ್ತು. ಅವನು ಚಕ್ರವರ್ತಿಯಾದ ವರ್ಷವೇ ಪ್ರದರ್ಶನಕ್ಕೆ ಬಂದ ಈ ಚಿತ್ರ ಆ ಸುದ್ದಿಗೆ ಕೊಟ್ಟ ಉತ್ತರ. ಸಂತ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸೇನಾಪತಿ ನಿಂತಿದ್ದಾನೆ.

ಬಾಸೆಲ್ ಮ್ಯೂಸಿಯಮ್ಮಿನಲ್ಲಿರುವ ಬೊಕ್ಲಿನ್‌ನ ‘ಪ್ಲೇಗು’ 1898ರದು. ರೆಕ್ಕೆಯ ಮೃಗವೇರಿದ ಸಾವು ಕುಡುಗೋಲು ಬೀಸುತ್ತ ಬೀದಿಯಲ್ಲಿ ನೇರ ನಮ್ಮತ್ತ ಬರುತ್ತಿದೆ. ಅಲ್ಲಿ ಸಂತನೂ ಇಲ್ಲ, ಅಧಿಕಾರಿಯೂ ಇಲ್ಲ, ಬೇಡಿಕೊಳ್ಳಲು ಆಕಾಶದಲ್ಲಿ ಯಾರೂ ಇಲ್ಲ. ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಊರು ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಹರಡಿಕೊಂಡಿತು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಯುರೋಪಿನ ಚಿತ್ರಕಾರ ಕೈಬಿಟ್ಟ ಕೆಲಸ ಇಲ್ಲಿ ಮುಂದುವರಿದಿತ್ತು.

ಅಭ್ಯಾಸಕ್ಕೆ

ನಾಲ್ಕು ಚಿತ್ರಗಳಿಂದ ಶುರುಮಾಡಿ: ಲಿಫೆರಾಂಕ್ಸ್, ಪೂಸೆಂ, ಗ್ರೋ, ಬೊಕ್ಲಿನ್. ಮ್ಯೂಸಿಯಂಗಳ ಜಾಲತಾಣಗಳಲ್ಲಿ ಇವುಗಳ ದೊಡ್ಡ ಪ್ರತಿಗಳು ಸಿಗುತ್ತವೆ, ಹಿಗ್ಗಿಸಿ ನೋಡಿ. ಮೊದಲು ಕೈಗಳನ್ನು ಮಾತ್ರ ಗಮನಿಸಿ: ಯಾವ ಕೈ ಮುಟ್ಟುತ್ತದೆ, ಯಾವುದು ಮೂಗು ಹಿಡಿಯುತ್ತದೆ, ಯಾವುದು ಮುಗಿಯುತ್ತದೆ. ಆಮೇಲೆ, ಕಾಪಾಡುವವರು ಯಾರು, ಅವರನ್ನು ಚಿತ್ರಕಾರ ಎಲ್ಲಿ ನಿಲ್ಲಿಸಿದ್ದಾನೆ ಎಂದು ಕೇಳಿ. ಕೊನೆಗೆ ಚಿತ್ರ ಮೊದಲು ಎಲ್ಲಿ ತೂಗುತ್ತಿತ್ತು, ಹಣ ಕೊಟ್ಟವರಾರು ಎಂದು ಹುಡುಕಿ. ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಕೆಳಗಿನ ಶೀರ್ಷಿಕೆ ಓದಿ. ಅದು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅಷ್ಟರಲ್ಲಿ ನೀವೇ ಆಗಿರುತ್ತೀರಿ.